ಹರಿಹರದಲ್ಲಿ ಬೀಸಿದ ಹಿಟ್ಟು

ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಗುತ್ತೆಪ್ಪ ತನ್ನದಲ್ಲದ ಮಗ್ಗದ ಮೇಲೆ ಬಗ್ಗಿ, ತುಂಡಾದ ಎಳೆಯೊಂದಕ್ಕೆ ಗಂಟು ಹಾಕುತ್ತಿದ್ದ. ಅದು 1957ರ ಆಗಸ್ಟ್ ತಿಂಗಳ ಒಂದು ಬುಧವಾರ. ಜಾಗ, ದಾವಣಗೆರೆಯ ಹತ್ತಿ ಮಿಲ್ಲೊಂದರ ಮಗ್ಗದ ಶೆಡ್ಡು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರಲು ಕಾರಣವಿದೆ. ಶೆಡ್ಡಿನ ಗಡಿಯಾರ ಬಾಗಿಲ ಮೇಲಿತ್ತು, ಅದರ ಕೆಳಗೆ ಜಾಬರ್ ಲಿಂಗಣ್ಣ ನಿಂತು ನೋಡುತ್ತಿದ್ದ. ಶೆಡ್ಡಿನ ಕೆಲಸಕ್ಕೆ ಅವನೇ ಮೇಸ್ತ್ರಿ; ನೋಡಿದ್ದನ್ನು ಹೊತ್ತಿನ ಸಮೇತ ಮೇಲಿನವರಿಗೆ ಹೇಳುವುದು ಅವನ ಪಾಲಿಗೆ ಬಂದದ್ದು.

ಮಗ್ಗ ಖಾಜಾ ಹುಸೇನನದು. ಖಾಜಾ ಹುಸೇನ್ ಎಲ್ಲಿಗೂ ಹೋಗಿರಲಿಲ್ಲ. ಒಂದು ಮಾರು ದೂರದಲ್ಲಿ, ತನ್ನ ಇನ್ನೊಂದು ಮಗ್ಗದ ಮುಂದೆ ನಿಂತಿದ್ದ.

ಇದರಲ್ಲಿ ತಪ್ಪೇನು ಎಂದು ಹೊರಗಿನವರಿಗೆ ಅನ್ನಿಸಬಹುದು. ಆ ಶೆಡ್ಡಿನಲ್ಲಿ ಯಾರೂ ಬರೆದಿಡದ ಒಂದು ಕಟ್ಟಳೆಯಿತ್ತು. ಪಕ್ಕದವನು ನೀರು ಕುಡಿಯಲು ಹೋಗುವಾಗ ತನ್ನ ಎದೆ ಮುಟ್ಟಿಕೊಂಡು ಮಗ್ಗದ ಕಡೆ ಬೆರಳು ತೋರಿಸಿದರೆ, ನಾನು ಬರುವವರೆಗೆ ಇದನ್ನು ನೋಡಿಕೋ ಎಂದು ಅರ್ಥ. ಆಗ ಅವನ ಮಗ್ಗವನ್ನು ಮುಟ್ಟಬಹುದು. ಅವನು ಅಲ್ಲೇ ನಿಂತಿರುವಾಗ ಮುಟ್ಟುವ ಹಾಗಿಲ್ಲ. ಮುಟ್ಟಿದರೆ, ಈ ಮನುಷ್ಯನ ಕೈಯಲ್ಲಿ ಮಗ್ಗ ನಡೆಯುವುದಿಲ್ಲ ಎಂದು ಶೆಡ್ಡಿಗೆಲ್ಲ ಡಂಗುರ ಹೊಡೆದಂತೆ.

ಗುತ್ತೆಪ್ಪನಿಗೆ ಈ ಕಟ್ಟಳೆ ಗೊತ್ತಿರಲಿಲ್ಲ ಎಂದಲ್ಲ. ಅವನಿಗೆ ಖಾಜಾ ಹುಸೇನನ ಗೆಳೆತನ ಬೇಕಾಗಿತ್ತು, ಅದನ್ನು ಬೇರೆ ಯಾವ ರೀತಿಯಲ್ಲಿ ತೋರಿಸಬೇಕು ಎಂಬುದು ಗೊತ್ತಿರಲಿಲ್ಲ.

ಅವನು ಶಾಮನೂರಿನವನು. ಆಗ ಶಾಮನೂರು ಪೂರಾ ಹಳ್ಳಿ. ಒಕ್ಕಲುತನದ ಮನೆ, ಹೊಲ ಅಣ್ಣಂದಿರ ಪಾಲಿಗೆ ಹೋಗಿ, ಕೊನೆಯವನಾದ ಇವನು ಮಿಲ್ಲಿಗೆ ಸೇರಿದ್ದ. ಗಂಡ ಸತ್ತ ಅಕ್ಕ ನೀಲಕ್ಕ ತವರಿಗೆ ಬಂದು ಇವನ ಜೊತೆಗೇ ಇದ್ದಳು. ಒಂದು ಎಮ್ಮೆ ಇತ್ತು. ನೀಲಕ್ಕ ನಮ್ಮ ಮನೆಗೆ ಮಜ್ಜಿಗೆ ಕೊಡಲು ಬರುತ್ತಿದ್ದಳು. ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಅವಳ ಬಾಯಿಂದ ಕೇಳಿದ್ದು.

ಗುತ್ತೆಪ್ಪ ಮೂಗನಲ್ಲ, ದಡ್ಡನೂ ಅಲ್ಲ. ಯಾರಾದರೂ ಏನಾದರೂ ಕೇಳಿದರೆ ಅವನಲ್ಲಿ ಉತ್ತರ ಇರುತ್ತಿತ್ತು, ಆದರೆ ಅದು ಕೇಳಿದವರು ಹೋದ ಮೇಲೆ ಬರುತ್ತಿತ್ತು. "ಊರ ಮಂದಿ ಮಾತು ಬಸ್ಸು, ನನ್ ತಮ್ಮಂದು ಎತ್ತಿನ ಗಾಡಿ. ಸ್ಟಾಂಡಿಗೆ ಬರೋದ್ರಾಗೆ ಬಸ್ಸು ಬಿಟ್ಟಿರ್ತೈತೆ" ಎನ್ನುತ್ತಿದ್ದಳು ನೀಲಕ್ಕ. ಒಮ್ಮೆ ಭಾನುವಳ್ಳಿಗೆ ಹೆಣ್ಣು ನೋಡಲು ಹೋಗಿದ್ದರು. ಹುಡುಗಿಯ ತಂದೆ ಹುಲಿಯಪ್ಪ ಮಾತು ತೆಗೆಯಲೆಂದು, "ಏನಪ್ಪ, ನಿಮ್ ಕಡೆ ಮಳಿ ಹೆಂಗೈತೆ?" ಎಂದು ಕೇಳಿದ. ಗುತ್ತೆಪ್ಪ ಕೈಯಲ್ಲಿದ್ದ ಚಹಾದ ಲೋಟವನ್ನು ನೋಡಿದ. ಹುಲಿಯಪ್ಪ ಇನ್ನೊಮ್ಮೆ ಕೇಳಿದ. ಗುತ್ತೆಪ್ಪ ಲೋಟವನ್ನು ಕೆಳಗಿಟ್ಟ. ಸಂಜೆ ಹರಿಹರದ ಬಸ್ಸು ಹತ್ತಿ ಅರ್ಧ ದಾರಿ ಬಂದ ಮೇಲೆ, ಪಕ್ಕದಲ್ಲಿ ಕೂತಿದ್ದ ಅಕ್ಕನಿಗೆ, "ಚಲೋ ಐತ್ರಿ, ಈ ಸಲ ಮುಂಗಾರು ಕೈ ಹಿಡಿದೈತೆ" ಎಂದ. ಎಂಟು ದಿನದಲ್ಲಿ ಹುಲಿಯಪ್ಪನ ಮಾತು ಬಂತು: ಹುಡುಗ ಮೂಗ ಅಂತ ಮೊದಲೇ ಹೇಳಬೇಕಿತ್ತು. ಆಮೇಲೆ ಹೆಣ್ಣು ನೋಡಲು ಅವನು ಎಲ್ಲಿಗೂ ಹೋಗಲಿಲ್ಲ.

ಇಂಥವನಿಗೆ ಮಗ್ಗದ ಶೆಡ್ಡು ಬೇರೆಯೇ ಲೋಕವಾಗಿತ್ತು. ನೂರಾರು ಮಗ್ಗಗಳು ಒಟ್ಟಿಗೆ ಬಡಿಯುವಾಗ ಅಲ್ಲಿ ಯಾರ ದನಿಯೂ ಯಾರಿಗೂ ಕೇಳುವುದಿಲ್ಲ. ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೂ ಅಷ್ಟೆ. ಮಾತು ನಡೆಯುವುದು ತುಟಿಯಲ್ಲಿ ಮತ್ತು ಕೈಯಲ್ಲಿ. ಬಾಯಿಯನ್ನು ದೊಡ್ಡದಾಗಿ ತೆರೆದು, ಒಂದೊಂದೇ ಅಕ್ಷರವನ್ನು ಬಿಡಿಸಿ ಆಡಬೇಕು. ಎದುರಿನವನು ತುಟಿ ನೋಡಿ ತಿಳಿಯಬೇಕು. ನಡುವೆ ಎಳೆ ತುಂಡಾದರೆ ಮಾತನ್ನು ಅಲ್ಲಿಗೇ ಬಿಟ್ಟು ಮಗ್ಗ ನೋಡಿ, ಮತ್ತೆ ಬಂದು ಮುಂದುವರಿಸಬಹುದು. ತಡವಾಯಿತೆಂದು ಯಾರೂ ಎದ್ದು ಹೋಗುವುದಿಲ್ಲ. ಎಲ್ಲರ ಮಾತೂ ಅಲ್ಲಿ ಎತ್ತಿನ ಗಾಡಿಯೇ.

ಹೀಗಾಗಿ ಶೆಡ್ಡಿನೊಳಗೆ ಗುತ್ತೆಪ್ಪ ಬಾಯಿಬಡುಕ. ಎದುರು ಸಾಲಿನ ಖಾಜಾ ಹುಸೇನನಿಗೆ ಅವನು ಎಲ್ಲವನ್ನೂ ಹೇಳುತ್ತಿದ್ದ: ಎಮ್ಮೆ ಬಾಲದಲ್ಲಿ ನೀಲಕ್ಕನ ಕೆನ್ನೆಗೆ ಹೊಡೆದದ್ದು, ಅದಕ್ಕೆ ನೀಲಕ್ಕ ಎಮ್ಮೆಯ ಜೊತೆ ಎರಡು ದಿನ ಮಾತು ಬಿಟ್ಟದ್ದು, ಶಾಮನೂರಿನ ಕೆರೆಗೆ ಬೆಳ್ಳಕ್ಕಿ ಬಂದದ್ದು. ಖಾಜಾ ಹುಸೇನ್ ಇವನಿಗಿಂತ ಹತ್ತು ವರ್ಷಕ್ಕೆ ದೊಡ್ಡವನು, ನಗೆಗಾರ. ಅವನು ನಕ್ಕರೆ ಸದ್ದಿಲ್ಲದೆ ಭುಜ ಕುಣಿಯುತ್ತಿತ್ತು. ಏಳು ವರ್ಷ ಅವರು ಹೀಗೆ ಎದುರು ಬದುರು ಕೆಲಸ ಮಾಡಿದರು.

ಪಾಳಿ ಮುಗಿದು ಹೊರಗೆ ಬಂದರೆ ಎಲ್ಲ ತಲೆಕೆಳಗು. ಗೇಟಿನ ಎದುರಿಗೆ ಬೇವಿನ ಮರವಿತ್ತು. ಅದರ ಕೆಳಗೆ ಹಳೆಯ ಪೇಪರ್ ಹಾಸಿ, ಮಂಡಕ್ಕಿಯನ್ನು ಗುಡ್ಡೆ ಸುರಿದು, ನಡುವೆ ಬಿಸಿ ಮೆಣಸಿನಕಾಯಿ ಬಜ್ಜಿ ಇಟ್ಟು, ಏಳೆಂಟು ಜನ ಸುತ್ತ ಕೂತು ತಿನ್ನುವುದು ವಾಡಿಕೆ. ದಾವಣಗೆರೆಯಲ್ಲಿ ಮಂಡಕ್ಕಿಯನ್ನು ಬೇರೆ ಬೇರೆ ಪಾಲು ಹಾಕಿ ತಿನ್ನುವವರಿಲ್ಲ. ಒಂದೇ ಗುಡ್ಡೆ, ಎಲ್ಲರ ಕೈ. ಮಾತು ಆಡುತ್ತಲೇ ಕೈ ಹಾಕಬೇಕು, ಕೈ ಹಾಕುತ್ತಲೇ ಮಾತಾಡಬೇಕು. ಖಾಜಾ ಹುಸೇನ್ ಒತ್ತಾಯ ಮಾಡಿದ್ದಕ್ಕೆ ಗುತ್ತೆಪ್ಪ ಒಂದು ಸಲ ಕೂತ. ಯಾವಾಗ ಕೈ ಚಾಚಬೇಕೆಂಬುದು ಅವನಿಗೆ ತಿಳಿಯಲಿಲ್ಲ. ಎರಡು ಕೈಗಳ ನಡುವೆ ತೆರಪಾಗಲೆಂದು ಕಾದ. ತೆರಪು ಆಗಲೇ ಇಲ್ಲ, ಗುಡ್ಡೆ ಕರಗುತ್ತ ಬಂತು.

"ನೋಡ್ರಲೇ, ಗುತ್ತೆಪ್ಪ ಬೀಗರ ಮನಿ ಊಟಕ್ಕೆ ಕುಂತಂಗೆ ಕುಂತಾನೆ. ಯಾರರ ಬಡಿಸ್ರೋ" ಎಂದ ಅಂಜಿನಪ್ಪ. ಅವನು ಅದೇ ಶೆಡ್ಡಿನವನು, ಎಲ್ಲರನ್ನೂ ಆಡಿಕೊಳ್ಳುವವನು.

"ಎಲಿ ಹಾಕು ಮೊದ್ಲು, ಎಲಿ ಇಲ್ದೆ ಉಣ್ಣಂಗಿಲ್ಲ ಅವ್ನು" ಎಂದ ಇನ್ನೊಬ್ಬ.

ಖಾಜಾ ಹುಸೇನ್ ಉಳಿದ ಮಂಡಕ್ಕಿಯಲ್ಲಿ ಒಂದು ಹಿಡಿಯನ್ನು ಪೇಪರಿನ ಮೂಲೆಗೆ ಸರಿಸಿ, ಆ ಮೂಲೆಯನ್ನು ಗುತ್ತೆಪ್ಪನ ಕಡೆ ತಿರುಗಿಸಿಟ್ಟ. ಗುತ್ತೆಪ್ಪ ಅದನ್ನು ಒಂದೊಂದೇ ಕಾಳಾಗಿ ತಿಂದ. "ಏನಪಾ, ಒಳಗೆ ಅಷ್ಟು ಮಾತಾಡ್ತಿ, ಹೊರಗೆ ಬಂದ್ರೆ ಬಾಯಿಗೆ ಬೀಗ. ನಿನ್ ದನಿ ಹೆಂಗೈತೆ ಅಂತಾನೇ ನನಗೆ ಗೊತ್ತಿಲ್ಲ ನೋಡು" ಎಂದು ಖಾಜಾ ಹುಸೇನ್ ನಕ್ಕ. ಗುತ್ತೆಪ್ಪನೂ ನಕ್ಕ. ಮಾರನೆಯ ದಿನದಿಂದ ಮತ್ತೆ ಮರದ ಕೆಳಗೆ ಕೂರಲಿಲ್ಲ. ಟವೆಲ್ಲನ್ನು ತಲೆಗೆ ಸುತ್ತಿಕೊಂಡು ನೇರ ಶಾಮನೂರಿನ ದಾರಿ ಹಿಡಿಯುತ್ತಿದ್ದ. ಆದರೆ ಆ ಪೇಪರಿನ ಮೂಲೆಯ ವಿಷಯವನ್ನು ನೀಲಕ್ಕನಿಗೆ ಅವನು ಎಷ್ಟು ಸಲ ಹೇಳಿದ್ದನೆಂದರೆ, ಕೊನೆಗೆ ಅವಳು, "ಸಾಕು ಮಾರಾಯ, ನಾನೇ ತಿಂದಂಗಾತು" ಎಂದಿದ್ದಳು.

1957ರ ಸಂಕ್ರಾಂತಿ ಕಳೆದ ಮೇಲೆ ಖಾಜಾ ಹುಸೇನನ ಬಟ್ಟೆಯಲ್ಲಿ ಉದ್ದುದ್ದ ಗೆರೆ ಕಾಣತೊಡಗಿತು. ಉದ್ದಕ್ಕೆ ಹಾಯುವ ಹಾಸಿನ ಒಂದು ಎಳೆ ತುಂಡಾದದ್ದನ್ನು ನೇಕಾರ ನೋಡದೆ ಹೋದರೆ ಮಗ್ಗ ತಾನಾಗಿ ನಿಲ್ಲುವುದಿಲ್ಲ. ಬಟ್ಟೆಯ ಉದ್ದಕ್ಕೂ ಒಂದು ಎಳೆ ಇಲ್ಲದ ಗೆರೆ ಬೀಳುತ್ತದೆ. ಎದುರು ಸಾಲಿನ ಗುತ್ತೆಪ್ಪನಿಗೆ ಕಾರಣ ಬೇಗ ತಿಳಿಯಿತು. ಖಾಜಾ ಹುಸೇನನಿಗೆ ಎಳೆ ಕಾಣುತ್ತಿರಲಿಲ್ಲ. ಬೆರಳಿನಿಂದ ತಡವಿ ಹುಡುಕುತ್ತಿದ್ದ. ಗುತ್ತೆಪ್ಪ ಇದನ್ನು ಯಾರಿಗೂ ಹೇಳಲಿಲ್ಲ, ಖಾಜಾ ಹುಸೇನನಿಗೂ ಹೇಳಲಿಲ್ಲ. ನಡುವಿನ ಓಣಿ ದಾಟಿ ಹೋಗಿ ಎಳೆಗೆ ಗಂಟು ಹಾಕಿ ಬರತೊಡಗಿದ.

"ಬ್ಯಾಡ. ನಿನ್ ಮಗ್ಗ ನೀನು ನೋಡ್ಕ" ಎಂದು ಖಾಜಾ ಹುಸೇನನ ತುಟಿ ಹೇಳಿತು. ಒಂದು ಸಲವಲ್ಲ, ಬಹಳ ಸಲ.

ಇಲ್ಲಿ ಗುತ್ತೆಪ್ಪ ಒಂದು ಲೆಕ್ಕ ತಪ್ಪಿದ. ಜನರ ನಡುವೆ ಹೇಗಿರಬೇಕೆಂದು ಅವನಿಗೆ ತಾನಾಗಿ ತಿಳಿಯುತ್ತಿರಲಿಲ್ಲ; ನೋಡಿ ಕಲಿತ ಒಂದೆರಡು ನಿಯಮಗಳ ಆಸರೆಯಲ್ಲಿ ನಡೆಯುತ್ತಿದ್ದ. ಅವನ ಮನೆಯಲ್ಲಿ ಬಡಿಸುವಾಗ, ಉಣ್ಣುವವರು ಬ್ಯಾಡ ಎಂದರೆ ಇನ್ನೊಂದು ಸೌಟು ಹಾಕಬೇಕು. ಬ್ಯಾಡ ಎಂದ ಕೂಡಲೇ ಸೌಟು ಹಿಂದೆ ತೆಗೆದರೆ ಬೀಗರು ವರ್ಷವೆಲ್ಲ ಆಡಿಕೊಳ್ಳುತ್ತಾರೆ. ಸ್ನೇಹಕ್ಕೂ ಇದೇ ನಿಯಮವೆಂದು ಅವನು ತಿಳಿದ. ಖಾಜಾ ಹುಸೇನ್ ಬ್ಯಾಡವೆಂದಷ್ಟೂ ಇವನು ಓಣಿ ದಾಟುವುದು ಹೆಚ್ಚಾಯಿತು.

ಏಳು ತಿಂಗಳು ಯಾರ ಕಣ್ಣಿಗೂ ಬೀಳಲಿಲ್ಲ. ಆ ಬುಧವಾರ ಬಿತ್ತು.

ಲಿಂಗಣ್ಣ ಗುತ್ತೆಪ್ಪನನ್ನು ಶೆಡ್ಡಿನ ಹೊರಗೆ, ನೂಲು ಸುತ್ತುವ ಬಾಬಿನ್ ಪೆಟ್ಟಿಗೆಗಳನ್ನು ಪೇರಿಸಿಟ್ಟ ಜಾಗಕ್ಕೆ ಕರೆದ. ಬಾಗಿಲು ಮುಚ್ಚಿದರೆ ಅಲ್ಲಿ ಸದ್ದು ಕಡಿಮೆ.

"ಖಾಜಾ ಭಾಯಿ ಮಗ್ಗದಾಗೆ ನಿಂದೇನು ಕೆಲ್ಸ?"

ಗುತ್ತೆಪ್ಪ ಪೆಟ್ಟಿಗೆಗಳನ್ನು ನೋಡಿದ.

"ಅವ ಅಲ್ಲೇ ನಿಂತಾನೆ, ನೀನು ಹೋಗಿ ಗಂಟು ಹಾಕ್ತಿ. ಯಾಕ? ಅವಂಗೆ ಕಾಣಂಗಿಲ್ಲೇನು?"

ಲಿಂಗಣ್ಣ ಕೆಟ್ಟವನಲ್ಲ. ಸ್ವಲ್ಪ ಕಾದು ದನಿ ತಗ್ಗಿಸಿ ಹೇಳಿದ: "ನೋಡು, ಕಾಣ್ತೈತೆ ಅಂತ ಒಂದು ಮಾತು ಅನ್ನು, ಬಿಟ್ಟುಬಿಡ್ತೀನಿ. ನನಗೂ ಅವ ಬೇಕಾದವನೇ. ನಾಳೆ ಮ್ಯಾಲಿನವರು ಕೇಳಿದ್ರೆ ನಾನೂ ಒಂದು ಮಾತು ಹೇಳ್ಬೇಕಲ್ಲ."

ಗುತ್ತೆಪ್ಪನ ತುಟಿ ತೆರೆಯಿತು. ದನಿ ಬರಲಿಲ್ಲ. ಲಿಂಗಣ್ಣ ಇನ್ನೂ ಸ್ವಲ್ಪ ಕಾದ. ಆಮೇಲೆ, "ಹೂಂ, ತಿಳೀತು ಬಿಡು" ಎಂದು ಒಳಗೆ ಹೋದ.

ಉತ್ತರ ಬಂದದ್ದು ಸಂಜೆ, ಶಾಮನೂರಿನ ಕೆರೆ ಏರಿಯ ಮೇಲೆ. "ಕಾಣ್ತೈತ್ರಿ" ಎಂದು ಗುತ್ತೆಪ್ಪ ಗಟ್ಟಿಯಾಗಿ ಹೇಳಿದ. ಏರಿಯ ಮೇಲೆ ಯಾರೂ ಇರಲಿಲ್ಲ.

ಮಾರನೆಯ ದಿನ ಲಿಂಗಣ್ಣ ಒಂದು ಎಳೆಯನ್ನು ಕತ್ತರಿಸಿ, ಎಲ್ಲಿ ತುಂಡಾಗಿದೆ ತೋರಿಸು ಎಂದು ಖಾಜಾ ಹುಸೇನನನ್ನು ಕೇಳಿದ. ಖಾಜಾ ಹುಸೇನ್ ಬೆರಳಿಟ್ಟದ್ದು ಬೇರೆ ಕಡೆ. ಮೇಲಿನವರು ಅವನನ್ನು ಮಗ್ಗದಿಂದ ತೆಗೆದು ಹತ್ತಿಯ ಕಸ ಆರಿಸುವ ಕಡೆ ಹಾಕುತ್ತೇವೆ ಎಂದರು. ಇಪ್ಪತ್ತು ವರ್ಷ ಮಗ್ಗ ನಡೆಸಿದವನು ಅದಕ್ಕೆ ಒಪ್ಪಲಿಲ್ಲ. ಹರಿಹರದಲ್ಲಿ ಹೆಂಡತಿಯ ಅಣ್ಣನದು ಹಿಟ್ಟಿನ ಗಿರಣಿಯಿತ್ತು, ಅಲ್ಲಿಗೆ ಹೋಗುತ್ತೇನೆ ಎಂದ. ಹೊರಡುವ ದಿನ ಪಾಳಿ ಬಿಡುವ ಹೊತ್ತಿಗೆ ಗೇಟಿಗೆ ಬಂದು ಬಹಳ ಹೊತ್ತು ನಿಂತಿದ್ದ. ಗುತ್ತೆಪ್ಪ ಸೈಕಲ್ ಸ್ಟಾಂಡಿನ ಗೋಡೆಯ ಹಿಂದೆ ಇದ್ದ. ಬೈಯಲಿಕ್ಕೇ ನಿಂತಿದ್ದಾನೆ ಎನ್ನುವುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಬೈಸಿಕೊಳ್ಳಲು ಅವನು ಸಿದ್ಧನಿದ್ದ. ಬೈದ ಮೇಲೆ ತಾನು ಏನಾದರೂ ಅನ್ನಬೇಕಲ್ಲ, ಅದಕ್ಕೆ ಹೆದರಿದ.

ಅಂದಿನಿಂದ ಖಾಜಾ ಹುಸೇನನಿಗೆ ಹೇಳಬೇಕಾದ ಒಂದು ಮಾತು ಗುತ್ತೆಪ್ಪನ ಎದೆಯಲ್ಲಿ ಕೂತಿತು. ಎದುರು ಸಾಲಿಗೆ ಬೇರೆ ನೇಕಾರ ಬಂದ. ಗುತ್ತೆಪ್ಪ ಅವನ ತುಟಿ ನೋಡಲಿಲ್ಲ, ತನ್ನ ತುಟಿ ಆಡಿಸಲಿಲ್ಲ. ಶೆಡ್ಡಿನೊಳಗೂ ಈಗ ಅವನು ಹೊರಗಿನ ಗುತ್ತೆಪ್ಪನೇ ಆದ.

ನಾಲ್ಕೈದು ತಿಂಗಳ ಮೇಲೆ ಅಂಜಿನಪ್ಪ ಯಾವುದೋ ಮದುವೆಗೆ ಹರಿಹರಕ್ಕೆ ಹೋಗಿ ಬಂದ. "ಲೇ ಬೀಗ, ಖಾಜಾ ಭಾಯಿ ಸಿಕ್ಕಿದ್ದ. ದೇವಸ್ಥಾನದ ಹಿಂದಿನ ಓಣ್ಯಾಗೆ ಗಿರಣಿ. ಮೈಯೆಲ್ಲ ಹಿಟ್ಟು, ಗೋಡಿಗೆ ಸುಣ್ಣ ಬಳಿದಂಗೆ ಆಗ್ಯಾನೆ. ನಿನ್ನ ಕೇಳ್ದ. ಬಂದು ಹೋಗು ಅಂದಾನೆ."

ಬಂದು ಹೋಗು ಎಂದರೆ ಹೋಗಬಹುದು. ಆದರೆ ಸುಮ್ಮನೆ ಒಬ್ಬರ ಬಾಗಿಲಿಗೆ ಹೋಗಿ ನಿಂತರೆ, ಯಾಕೆ ಬಂದೆ ಎಂಬುದಕ್ಕೆ ಉತ್ತರ ಬೇಕು. ಗುತ್ತೆಪ್ಪ ಎರಡು ವಾರ ಯೋಚಿಸಿ ದಾರಿ ಕಂಡುಕೊಂಡ. ಗಿರಣಿಗೆ ಕಾಳು ಹಿಡಿದುಕೊಂಡು ಹೋದವನನ್ನು ಯಾರೂ ಯಾಕೆ ಬಂದೆ ಎಂದು ಕೇಳುವುದಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವನು ಜೋಳದ ಚೀಲ ಹಿಡಿದು ರೈಲು ಹತ್ತಿದ. ಮಿಲ್ಲಿನ ನೀಲಿ ಅಂಚಿನ ದಪ್ಪ ಬಟ್ಟೆಯಲ್ಲಿ ನೀಲಕ್ಕ ಹೊಲಿದ ಸಣ್ಣ ಚೀಲ. ಬಾಯಿಗೆ ನೂಲಿನ ಹುರಿಯಲ್ಲಿ ಅವನೇ ನೇಕಾರರ ಗಂಟು ಹಾಕಿದ್ದ. ದಾವಣಗೆರೆಯಿಂದ ಹರಿಹರ ಒಂಬತ್ತು ಮೈಲಿ. ಎದುರಿಗೆ ಕೂತವರು, "ಏನ್ರಿ, ಜೋಳ ಮಾರಕೇನು?" ಎಂದು ಕೇಳಿದ್ದಕ್ಕೆ ಅವನು ಹರಿಹರ ಬರುವವರೆಗೂ ಉತ್ತರ ಹುಡುಕುತ್ತಿದ್ದ.

ದೇವಸ್ಥಾನದ ಹಿಂದಿನ ಓಣಿಗೆ ತಿರುಗಿದೊಡನೆ ಎಣ್ಣೆ ಇಂಜಿನ್ನಿನ ಸದ್ದು ಕೇಳಿತು. ಗಿರಣಿಯೊಳಗೆ ಕಾಲಿಟ್ಟರೆ ಬೆಲ್ಟಿನ ಪಟಪಟ, ಕಲ್ಲಿನ ಗುರುಗುರು. ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ. ಗುತ್ತೆಪ್ಪನ ಭುಜ ಸಡಿಲಾಯಿತು. ಇದು ಅವನಿಗೆ ಗೊತ್ತಿದ್ದ ಜಾಗ.

ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಖಾಜಾ ಹುಸೇನನ ಮುಖಕ್ಕೆ ಎದುರಾಗಿ, ಬಾಯಿ ದೊಡ್ಡದಾಗಿ ತೆರೆದು, ಶೆಡ್ಡಿನಲ್ಲಿ ಆಡುತ್ತಿದ್ದ ಹಾಗೆ ತುಟಿಯಲ್ಲೇ ಬಿಡಿಸಿ ಬಿಡಿಸಿ ಹೇಳಿದ: "ನನ್ನಿಂದ ತಪ್ಪಾತು ಖಾಜಾ ಭಾಯಿ. ಅವತ್ತು ನಾನು ಬಾಯಿ ಬಿಡ್ಬೇಕಿತ್ತು. ಒಂದಿನ ನಿಮ್ ಜೊತಿಗೆ ಕುಂತು ಮಂಡಕ್ಕಿ ತಿನ್ಬೇಕು ಅಂತ ಆಸೆ ಐತೆ."

ಹೇಳಿದ್ದು ಇದೇ ಎಂದು ನೀಲಕ್ಕನಿಗೆ ಗೊತ್ತಿತ್ತು. ಹೊರಡುವ ಮೊದಲು ಹಿತ್ತಲಲ್ಲಿ ಎಮ್ಮೆಯ ಮುಂದೆ ನಿಂತು ಅವನು ಇದನ್ನೇ ಅಭ್ಯಾಸ ಮಾಡುತ್ತಿದ್ದ. ಎಮ್ಮೆಯ ಮುಂದೆ ದನಿ ಸರಾಗವಾಗಿ ಬರುತ್ತಿತ್ತು.

ಖಾಜಾ ಹುಸೇನನ ಮುಖ ಗುತ್ತೆಪ್ಪನ ಕಡೆಗೇ ಇತ್ತು. ರೆಪ್ಪೆ, ಹುಬ್ಬು, ಗಡ್ಡ ಎಲ್ಲ ಹಿಟ್ಟಿನಿಂದ ಬೆಳ್ಳಗಾಗಿದ್ದವು. ಅವನು ನಕ್ಕ, ತಲೆಯಾಡಿಸಿದ, ಚೀಲ ತೆಗೆದುಕೊಂಡ, ಗಂಟು ಬಿಚ್ಚಿ ಜೋಳ ಸುರಿದ. ಹಿಟ್ಟು ತುಂಬಿ ಕೊಟ್ಟು ಮುಂದಿನವರ ಡಬ್ಬಿಗೆ ಕೈ ಚಾಚಿದ. ಬೇರೆ ಏನೂ ಇಲ್ಲ.

ಗುತ್ತೆಪ್ಪ ರೈಲಿನಲ್ಲಿ ಮಡಿಲ ಮೇಲೆ ಬೆಚ್ಚಗಿನ ಚೀಲ ಇಟ್ಟುಕೊಂಡು ಕೂತು, ಆ ನಗೆಗೆ ಏನರ್ಥ ಎಂದು ಯೋಚಿಸಿದ. ಕ್ಷಮಿಸಿದ್ದರೆ ಎದ್ದು ಬಂದು ಕೈ ಹಿಡಿಯುತ್ತಿದ್ದ. ಸಿಟ್ಟಿದ್ದರೆ ನಗುತ್ತಿರಲಿಲ್ಲ. ಎಲ್ಲ ಗಿರಾಕಿಗಳನ್ನು ನೋಡಿದ ಹಾಗೆ ನೋಡಿದ್ದಾನೆ. ಇದೇ ತನಗೆ ತಕ್ಕ ಶಿಕ್ಷೆ ಇರಬೇಕು, ಇನ್ನೂ ಸ್ವಲ್ಪ ದಿನ ಬರಲಿ ಎಂದಿರಬೇಕು ಎಂಬ ತೀರ್ಮಾನಕ್ಕೆ ಬಂದ.

ಅಲ್ಲಿಂದ ಮುಂದೆ ಭಾನುವಾರ ತಪ್ಪಿಸುತ್ತಿರಲಿಲ್ಲ, ಪ್ರತಿ ಸಲವೂ ಅದೇ ಮಾತನ್ನು ತುಟಿಯಲ್ಲಿ ಆಡಿ ಬರುತ್ತಿದ್ದ ಎನ್ನುತ್ತಿದ್ದಳು ನೀಲಕ್ಕ. ಊರಿನಲ್ಲಿ ನಗೆಗೆ ವಸ್ತುವಾಯಿತು. ಶಾಮನೂರಿನಲ್ಲೇ ಬೋರಣ್ಣನ ಗಿರಣಿಯಿತ್ತು. ಬೋರಣ್ಣ ಕಟ್ಟೆಯ ಮೇಲೆ ಕೂತು, "ಏನವ್ವಾ ನೀಲಕ್ಕ, ನನ್ನ ಕಲ್ಲು ನಿನ್ ತಮ್ಮಗೇನು ಮಾಡೈತೆ?" ಎಂದು ಕೇಳುತ್ತಿದ್ದ.

ನೀಲಕ್ಕ ಮನೆಗೆ ಬಂದು ಹಾರಾಡುತ್ತಿದ್ದಳು. "ಇಲ್ಲಿ ಬೋರಣ್ಣಂದು ಐತೆ. ಬ್ಯಾಡ ಅಂದ್ರೆ ದಾವಣಗೆರಿ ಮಂಡಿಪೇಟಿಗೆ ಹೋಗು, ನಾಕು ಗಿರಣಿ ಅದಾವೆ. ರೈಲು ಹತ್ತಿ ಹೋಗಿ ಹಿಟ್ಟು ಬೀಸಿಸ್ಕೊಂಡು ಬರೋನು ಈ ಸೀಮ್ಯಾಗೆ ನೀನೊಬ್ನೇ ನೋಡು. ಅಲ್ಲೇನು ಚಿನ್ನದ ಕಲ್ಲು ಹಾಕ್ಯಾರೇನು?"

"ಹಿಟ್ಟು ಸಣ್ಣಗೆ ಬರ್ತೈತೆ" ಎನ್ನುತ್ತಿದ್ದ ಗುತ್ತೆಪ್ಪ. ಅದು ನಿಜವೂ ಆಗಿತ್ತು. ಖಾಜಾ ಹುಸೇನ್ ಹಿಟ್ಟನ್ನು ಬೆರಳಲ್ಲಿ ಉಜ್ಜಿ ಉಜ್ಜಿ ನೋಡಿ ಕಲ್ಲು ಬಿಗಿ ಮಾಡುತ್ತಿದ್ದ. ಅಂಥ ಹಿಟ್ಟಿನ ರೊಟ್ಟಿ ತಟ್ಟುವಾಗ ಅಂಚು ಒಡೆಯುವುದಿಲ್ಲ.

ವರ್ಷಗಳು ಹೋದವು. ಒಂದು ಭಾನುವಾರ ಸಂಜೆ, ಅದು 1960ರ ಕೊನೆಯಿರಬೇಕು, ಗುತ್ತೆಪ್ಪ ಮನೆಗೆ ಬಂದವನು ಕೈಕಾಲು ತೊಳೆಯದೆ ಒಲೆಯ ಹತ್ತಿರ ಬಂದು ನಿಂತ.

"ಅಕ್ಕ, ಇವತ್ತು ಮಾತಾಡಿದೆ."

"ಯಾರ ಜೊತಿಗೆ?"

"ಖಾಜಾ ಭಾಯಿ ಜೊತಿಗೆ. ಅವ್ರು ಕೇಳಿದ್ರು, ನಾನು ಹೇಳಿದೆ. ಗಟ್ಟಿಗೆ ಹೇಳಿದೆ."

"ಹೇಳಿದ್ಯಾ? ತಪ್ಪಾತು ಅಂದ್ಯಾ?"

ಗುತ್ತೆಪ್ಪ ರೊಟ್ಟಿಯ ಹಂಚನ್ನು ನೋಡಿದ. "ಅದು ಇನ್ನಾ ಐತೆ" ಎಂದ. ಆ ರಾತ್ರಿ ಅವನು ಚೆನ್ನಾಗಿ ಉಂಡ. ಏನು ಕೇಳಿದರು, ಏನು ಹೇಳಿದೆ ಎಂದು ನೀಲಕ್ಕ ಎಷ್ಟು ಕೆಣಕಿದರೂ ಬಾಯಿ ಬಿಡಲಿಲ್ಲ.

1962ರ ಚಳಿಗಾಲಕ್ಕೆ ಅವನ ಎದೆ ಕಟ್ಟಿತು. ಹತ್ತಿಯ ಧೂಳಿನಲ್ಲಿ ಇಷ್ಟು ವರ್ಷ ಉಸಿರಾಡಿದವರಿಗೆ ಅದು ಹೊಸದಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು, ಎಲ್ಲಿ ನೋವು, ಎಷ್ಟು ದಿನದಿಂದ ಎಂದು ಕೇಳಿ, ಉತ್ತರ ಬರುವ ಮೊದಲೇ ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಉತ್ತರವನ್ನು ನೀಲಕ್ಕ ಕೇಳಿಸಿಕೊಂಡು, ಓಡಿ ಹೋಗಿ ಅವರಿಗೆ ಮುಟ್ಟಿಸುತ್ತಿದ್ದಳು. ಒಂದು ಬೆಳಿಗ್ಗೆ ಅವನು, "ಹಿಟ್ಟು ಮುಗದೈತೇನು?" ಎಂದು ಕೇಳಿದ. "ಐತೆ, ಮಲಿಕ್ಕ" ಎಂದಳು. "ಮುಗಿದ್ರೆ ಬೋರಣ್ಣನ ಕಡಿಗೆ ಹೋಗಬ್ಯಾಡ" ಎಂದ. ಸಂಕ್ರಾಂತಿಗೆ ಎರಡು ದಿನ ಮುಂಚೆ ತೀರಿಕೊಂಡ. ಮಣ್ಣಿಗೆ ಮಿಲ್ಲಿನವರು ಹತ್ತು ಜನ ಬಂದಿದ್ದರು. ಅಂಜಿನಪ್ಪ ಅತ್ತ. "ಒಂದು ದಿನ ಎದುರು ಮಾತಾಡಿದವನಲ್ಲ" ಎಂದರು ಎಲ್ಲರೂ.

ಆಸ್ಪತ್ರೆಯ ಓಡಾಟದಲ್ಲಿ ಮನೆಯಲ್ಲಿ ಒಲೆ ಹಚ್ಚಿದ್ದೇ ಕಡಿಮೆ; ಹಿಟ್ಟು ಮುಗಿದದ್ದು ಫೆಬ್ರವರಿಯಲ್ಲಿ. ನೀಲಕ್ಕ ಅದೇ ಚೀಲಕ್ಕೆ ಜೋಳ ತುಂಬಿ, ಬಾಯಿ ಕಟ್ಟಿ, ಒಂದು ಭಾನುವಾರ ರೈಲು ಹತ್ತಿದಳು. ಹಿಟ್ಟಿನ ನೆವ ಅವಳಿಗೂ ಬೇಕಾಗಿತ್ತು. ಸತ್ತ ಸುದ್ದಿಯನ್ನು ಖಾಜಾ ಹುಸೇನನಿಗೆ ತಾನೇ ಹೇಳಬೇಕು, ತಮ್ಮ ದನಿ ತೆಗೆದು ಹೇಳದೆ ಉಳಿಸಿದ ಮಾತನ್ನೂ ಒಪ್ಪಿಸಿ ಬರಬೇಕು ಎಂದು ಅವಳ ಮನಸ್ಸಿನಲ್ಲಿತ್ತು.

ಅವಳ ಸರದಿ ಬಂತು. ಖಾಜಾ ಹುಸೇನ್ ಚೀಲವನ್ನು ತೆಗೆದುಕೊಂಡು ಬಾಯಿ ಬಿಚ್ಚಲು ಹೋದವನು ನಿಂತ. ಬೆರಳುಗಳು ಹುರಿಯ ಮೇಲೆ ಎರಡು ಸಲ ಓಡಾಡಿದವು. ಬಟ್ಟೆಯ ಅಂಚನ್ನು ಮುಟ್ಟಿ ನೋಡಿದ. ಆಮೇಲೆ ಕೈಚಾಚಿ ಇಂಜಿನ್ ನಿಲ್ಲಿಸಿದ. ಕಲ್ಲು ಸುತ್ತಿ ಸುತ್ತಿ ನಿಂತಿತು.

"ಚೀಲ ಅದೇ, ಗಂಟು ಬ್ಯಾರೆ" ಎಂದ. "ಇದನ್ನ ತರೋರು ಬರ್ಲಿಲ್ಲೇನ್ರಿ?"

ನೀಲಕ್ಕ ಆಗ ಅವನ ಕಣ್ಣು ನೋಡಿದಳು. ರೆಪ್ಪೆಯ ಮೇಲಿನ ಹಿಟ್ಟಲ್ಲ. ಕಣ್ಣಿನ ಬೊಂಬೆಗಳೇ ಬೆಳ್ಳಗಿದ್ದವು, ಎರಡೂ. ಅವು ಅವಳ ಮುಖದ ಕಡೆ ತಿರುಗಿದ್ದವು, ಅವಳನ್ನು ನೋಡುತ್ತಿರಲಿಲ್ಲ.

"ನಿಮಗೆ ಕಣ್ಣು..." ಎಂದಳು.

"ಮಿಲ್ಲು ಬಿಟ್ಟ ಮೂರು ತಿಂಗಳಿಗೇ ಪೂರಾ ಪೊರಿ ಬಂತು ತಾಯಿ. ಬೆಳಕು ಕತ್ತಲು ಗೊತ್ತಾಗ್ತೈತೆ, ಅಷ್ಟೆ. ಇಲ್ಲಿ ಕಣ್ಣಿನ ಕೆಲ್ಸ ಇಲ್ಲ, ಬೆರಳಿದ್ರೆ ಸಾಕು. ಗಿರಾಕಿಗಳಿಗೆ ಹೇಳಕ್ಕೆ ಹೋಗಂಗಿಲ್ಲ. ಮುಖದ ಕಡಿಗೆ ತಿರುಗಿ ನಕ್ರೆ ಆತು." ಅವನ ಕೈ ಇನ್ನೂ ಚೀಲದ ಮೇಲಿತ್ತು. "ಈ ಚೀಲದ ಮನುಷ್ಯ ಯಾರ್ರಿ? ಗಂಟು ನೇಕಾರರದು. ಅವ್ರು ಮಿಲ್ಲಿನವರೇನ್ರಿ ಅಂತ ಸಾಲಿನವ್ರನ್ನ ಒಂದು ಸಲ ಕೇಳಿದ್ದೆ. ಇಂಜಿನ್ ಸದ್ದಿನಾಗೆ ಏನಂದ್ರೋ ಕೇಳಿಸ್ಲಿಲ್ಲ."

ನೀಲಕ್ಕ ಡಬ್ಬಿಗಳ ಪಕ್ಕ ನೆಲದ ಮೇಲೆ ಕೂತಳು. "ನನ್ ತಮ್ಮ. ಗುತ್ತೆಪ್ಪ" ಎಂದಳು.

ಖಾಜಾ ಹುಸೇನ್ ಚೀಲದ ಅಂಚನ್ನು ಮತ್ತೊಮ್ಮೆ ತಡವಿದ. "ಗುತ್ತೆಪ್ಪ ಇಲ್ಲಿಗೆ ಬಂದೇ ಇಲ್ಲಲ್ಲ ತಾಯಿ" ಎಂದ ಆಮೇಲೆ. "ಅಂಜಿನಪ್ಪನ ಕೈಲಿ ಹೇಳಿ ಕಳಿಸಿದ್ದೆ. ಬರ್ಲಿಲ್ಲ. ಸಿಟ್ಟಿರ್ಬೇಕು ಅಂದ್ಕೊಂಡೆ. ಊರು ಬಿಡೋ ದಿನ ಗೇಟಿನಾಗೆ ಕಾದು ನಿಂತಿದ್ದೆ, ಹರಿಹರಕ್ಕೆ ಊಟಕ್ಕೆ ಬಾರಪಾ ಅನ್ನಾಕೆ. ಅವ ಗೋಡಿ ಹಿಂದೆ ಸರಿದ. ಅಷ್ಟು ಕಾಣ್ತಿತ್ತು ಆಗ."

"ಬೈತೀರಿ ಅಂತ ಹೆದರಿದ್ದ. ನನ್ನಿಂದ ಅವ್ರ ಕೆಲ್ಸ ಹೋತು ಅಂತಿದ್ದ. ಐದು ವರ್ಷ ಇಲ್ಲಿ ನಿಂತು ಅದನ್ನೇ ಹೇಳ್ಯಾನೆ, ನಿಮ್ ಮುಖಕ್ಕೆ ಬಾಯಿ ಆಡಿಸಿ. ತಪ್ಪಾತು ಅಂತ. ಜೊತಿಗೆ ಕುಂತು ಮಂಡಕ್ಕಿ ತಿನ್ಬೇಕು ಅಂತ."

"ಅವನಿಂದೇನು ಹೋತು? ಹೋಗಿದ್ದು ನನ್ ಕಣ್ಣಿನಿಂದ. ಅವ ಗಂಟು ಹಾಕಿದ್ದಕ್ಕೇ ಏಳು ತಿಂಗಳು ಹೆಚ್ಚಿಗೆ ಉಂಡೆ." ಅವನು ಓಣಿಯ ಬೆಳಕಿನ ಕಡೆ ಮುಖ ತಿರುಗಿಸಿದ. "ಎಲ್ಲಿ ಅವ? ಹೊರಗೆ ನಿಂತಾನೇನು? ಕರೀರಿ."

ನೀಲಕ್ಕ ಹೇಳಿದಳು. ಸಾಲಿನಲ್ಲಿದ್ದವರು ತಮ್ಮ ಡಬ್ಬಿಗಳನ್ನು ಹಿಡಿದು ಸುಮ್ಮನೆ ನಿಂತರು. ಯಾರೂ ಇಂಜಿನ್ ಶುರು ಮಾಡಿ ಎನ್ನಲಿಲ್ಲ.

ನೀಲಕ್ಕ ಕೇಳಿದಳು: "ಒಂದು ಸಲ ನಿಮ್ ಜೊತಿಗೆ ಮಾತಾಡಿದೆ ಅಂತ ಬಂದು ಹೇಳಿದ್ದ. ಗಟ್ಟಿಗೆ ಮಾತಾಡಿದೆ ಅಂತ. ರೊಟ್ಟಿ ಹೆಚ್ಚಿಗೆ ತಿಂದಿದ್ದ ಅವತ್ತು. ನೆಪ್ಪೈತೇನ್ರಿ?"

"ಐತೆ" ಎಂದ ಖಾಜಾ ಹುಸೇನ್. "ಬೆಲ್ಟು ಕಿತ್ತು ಇಂಜಿನ್ ನಿಂತಿತ್ತು. ಈ ಚೀಲ ನನ್ ಕೈಯಾಗಿತ್ತು. ಯಾವತ್ತೂ ಮಾತಾಡದ ಮನುಷ್ಯ, ದನಿಯರ ಕೇಳೋಣ ಅನ್ನಿಸ್ತು. ತೂಕ ಕೈಗೆ ಗೊತ್ತಾಗಿತ್ತು, ಆದ್ರೂ ಕೇಳಿದೆ, ಎಷ್ಟು ಸೇರು ಐತ್ರಿ ಅಂತ."

"ಅದಕ್ಕೆ ಏನಂದ?"

ಖಾಜಾ ಹುಸೇನ್ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಆ ದನಿ ಹೇಗಿತ್ತೋ ಹಾಗೆಯೇ, ತಗ್ಗಿಸದೆ ಏರಿಸದೆ, ಹೇಳಿದ.

"ಎರಡು ಸೇರು."